ಎಸಿಸಿಎ: ಯಾವ ದೇಶದ ಪೇಪರ್ ಕಟ್ಟಬೇಕು?

ಎಸಿಸಿಎ ಪರೀಕ್ಷೆ ಕಟ್ಟಲು ಕುಳಿತವರು ಕಾನೂನು ಪೇಪರಿನ ಹತ್ತಿರ ಬಂದಾಗ ಸ್ವಲ್ಪ ತಡೆಯುತ್ತಾರೆ. ಇಂಗ್ಲೆಂಡ್ ಆವೃತ್ತಿ, ಗ್ಲೋಬಲ್ ಆವೃತ್ತಿ, ಸ್ಕಾಟ್ಲೆಂಡ್, ಐರ್ಲೆಂಡ್, ಮಲೇಷ್ಯಾ, ಸಿಂಗಪುರ ಎಂದು ಹೆಸರುಗಳು ಸಾಲಾಗಿರುತ್ತವೆ. ತೆರಿಗೆ ಪೇಪರಿಗೆ ಹೋದರೂ ಇದೇ ಕತೆ. ಎಷ್ಟು ಹುಡುಕಿದರೂ ಭಾರತದ ಹೆಸರು ಸಿಗುವುದಿಲ್ಲ. ಆಗ ಹೆಚ್ಚಿನವರು ಹಿಂದಿನ ಬ್ಯಾಚಿನ ಗೆಳೆಯರನ್ನು ಕೇಳುತ್ತಾರೆ, ಇಲ್ಲವೇ ‘ಯಾವುದು ಸುಲಭ’ ಎಂದು ವಿಚಾರಿಸುತ್ತಾರೆ. ಆ ಗೆಳೆಯ ಮುಂದೆ ಹೋಗಲಿರುವ ಊರು ಬೇರೆ, ನೀವು ಹೋಗಲಿರುವ ಊರು ಬೇರೆ ಇರಬಹುದು. ಸುಲಭದ ಮಾತಂತೂ ಪರೀಕ್ಷೆಯ ಎರಡು ಮೂರು ಗಂಟೆಗೆ ಮುಗಿಯುತ್ತದೆ. ಆವೃತ್ತಿ ಆರಿಸುವಾಗ ಕೇಳಿಕೊಳ್ಳಬೇಕಾದದ್ದು ಇಷ್ಟು: ನಾಳೆ ನಾನು ಯಾವ ದೇಶದ ಲೆಕ್ಕದ ಮೇಲೆ ಕೆಲಸ ಮಾಡುತ್ತೇನೆ? ಅಲ್ಲಿ ಆಡಿಟರ್ ಆಗಿ ಸಹಿ ಹಾಕುವ ಆಸೆ ನನಗಿದೆಯೇ?

ಮೊದಲು ಚೌಕಟ್ಟು. ಎಸಿಸಿಎ ಎಂದರೆ ಅಸೋಸಿಯೇಷನ್ ಆಫ್ ಚಾರ್ಟರ್ಡ್ ಸರ್ಟಿಫೈಡ್ ಅಕೌಂಟೆಂಟ್ಸ್. 1904ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಸಂಸ್ಥೆ. ಒಟ್ಟು 13 ಪೇಪರು. ಪ್ರತಿಯೊಂದರಲ್ಲೂ 100ಕ್ಕೆ 50 ಬಂದರೆ ಪಾಸು. ಜೊತೆಗೆ ನೀತಿ ಮತ್ತು ವೃತ್ತಿ ಕೌಶಲದ ಒಂದು ಘಟಕ ಮುಗಿಸಬೇಕು, 36 ತಿಂಗಳ ಕೆಲಸದ ಅನುಭವ ತೋರಿಸಬೇಕು. ಆಮೇಲೆ ಸದಸ್ಯತ್ವ. ಇದರಲ್ಲಿ ಮುಖ್ಯವಾದ ಒಂದು ಮಾತಿದೆ: ನೀವು ಯಾವ ಆವೃತ್ತಿ ಬರೆದರೂ ಸಿಗುವ ಸದಸ್ಯತ್ವ ಒಂದೇ. ಗ್ಲೋಬಲ್ ಪೇಪರ್ ಬರೆದವರು ಕಡಿಮೆ ದರ್ಜೆಯ ಎಸಿಸಿಎ ಅಲ್ಲ, ಇಂಗ್ಲೆಂಡ್ ಪೇಪರ್ ಬರೆದವರು ಹೆಚ್ಚಿನವರೂ ಅಲ್ಲ. ವ್ಯತ್ಯಾಸ ಬರುವುದು ಸದಸ್ಯತ್ವದ ನಂತರ, ಒಂದು ದೇಶದ ಕಾನೂನು ನಿಮ್ಮಿಂದ ಸ್ಥಳೀಯ ತಿಳಿವಳಿಕೆಗೆ ಪುರಾವೆ ಕೇಳಿದಾಗ.

13 ಪೇಪರಿಗೂ ಆವೃತ್ತಿಗಳಿಲ್ಲ. ವೆಚ್ಚದ ಲೆಕ್ಕ, ಹಣಕಾಸು ನಿರ್ವಹಣೆ, ನಾಯಕತ್ವದ ಪೇಪರುಗಳು ಬೆಂಗಳೂರಿಗೂ ನೈರೋಬಿಗೂ ಒಂದೇ. ದೇಶ ಬದಲಾದಂತೆ ಬದಲಾಗುವುದು ಕಾನೂನು, ತೆರಿಗೆ, ಹಣಕಾಸು ವರದಿ ಮತ್ತು ಆಡಿಟ್. ಸಂಸ್ಥೆ ಇವುಗಳನ್ನು ಕರೆಯುವುದು ಎರಡು ಮೂರು ಅಕ್ಷರದ ಸಂಕೇತಗಳಿಂದ. ಕಾರ್ಪೊರೇಟ್ ಮತ್ತು ವ್ಯವಹಾರ ಕಾನೂನು ಎಂದರೆ ಎಲ್‌ಡಬ್ಲ್ಯು, ತೆರಿಗೆ ಟಿಎಕ್ಸ್, ಮೇಲಿನ ಹಂತದ ತೆರಿಗೆ ಎಟಿಎಕ್ಸ್, ಮೇಲಿನ ಹಂತದ ಹಣಕಾಸು ವರದಿ ಎಸ್‌ಬಿಆರ್, ಮೇಲಿನ ಹಂತದ ಆಡಿಟ್ ಎಎಎ. ನಿಮ್ಮ ಸೀನಿಯರ್‌ಗಳು ಎಫ್4, ಎಫ್6, ಪಿ2, ಪಿ7 ಎನ್ನುತ್ತಿದ್ದರೆ ಗಾಬರಿಯಾಗಬೇಡಿ. 2018ರಲ್ಲಿ ಹೆಸರು ಬದಲಾಗುವ ಮೊದಲು ಇವಕ್ಕಿದ್ದ ಸಂಖ್ಯೆಗಳು ಅವು.

ಕಾನೂನು: ಇಂಗ್ಲೆಂಡೋ, ಗ್ಲೋಬಲ್ಲೋ?

ಭಾರತದ ವಿದ್ಯಾರ್ಥಿಗಳಿಗೆ ನಿಜವಾದ ಆಯ್ಕೆ ಇರುವುದು ಇಲ್ಲಿ. ಎರಡೂ ಆವೃತ್ತಿಗಳ ಪರೀಕ್ಷೆಯ ರೂಪ ಒಂದೇ: ಕಂಪ್ಯೂಟರಿನಲ್ಲಿ ಎರಡು ಗಂಟೆ, ವಸ್ತುನಿಷ್ಠ ಪ್ರಶ್ನೆಗಳಿಗೆ 70 ಅಂಕ, ಸನ್ನಿವೇಶ ಕೊಟ್ಟು ಕೇಳುವ ಐದು ಪ್ರಶ್ನೆಗಳಿಗೆ ತಲಾ ಆರರಂತೆ 30 ಅಂಕ. ಎರಡನ್ನೂ ನಮಗೆ ಬೇಕಾದ ದಿನ ಕಟ್ಟಬಹುದು, ಸೆಷನ್ನಿಗೆ ಕಾಯಬೇಕಿಲ್ಲ. ಕಂಪನಿ ಕಾನೂನಿನ ಭಾಗದಲ್ಲೂ ಎರಡಕ್ಕೂ ತಳಹದಿ ಬ್ರಿಟನ್ನಿನ 2006ರ ಕಂಪನಿ ಕಾಯ್ದೆಯೇ. ದಾರಿ ಕವಲೊಡೆಯುವುದು ಒಪ್ಪಂದದ ವಿಷಯದಲ್ಲಿ.

ಇಂಗ್ಲೆಂಡ್ ಆವೃತ್ತಿಯಲ್ಲಿ ಒಪ್ಪಂದ ಎಂದರೆ ಇಂಗ್ಲಿಷ್ ಕಾಮನ್ ಲಾ. ಪ್ರಸ್ತಾಪ, ಸ್ವೀಕೃತಿ, ಪ್ರತಿಫಲ. ಕಾರ್ಲಿಲ್ ವಿರುದ್ಧ ಕಾರ್ಬಾಲಿಕ್ ಸ್ಮೋಕ್ ಬಾಲ್ ಕಂಪನಿಯ 1893ರ ತೀರ್ಪು. ಅದರ ಹಿಂದೆಯೇ ನಿರ್ಲಕ್ಷ್ಯದ ಕಾನೂನು ಬರುತ್ತದೆ. ಜಿಂಜರ್ ಬಿಯರ್ ಬಾಟಲಿಯೊಳಗಿನ ಬಸವನಹುಳುವಿನಿಂದ ಶುರುವಾದ ಡೊನೊಗ್ಯೂ ವಿರುದ್ಧ ಸ್ಟೀವನ್‌ಸನ್ ಪ್ರಕರಣ, 1932. ಆಮೇಲೆ ಉದ್ಯೋಗ ಕಾನೂನು: ನೌಕರನನ್ನು ಯಾವಾಗ ತೆಗೆಯಬಹುದು, ಯಾವುದು ಅನ್ಯಾಯದ ವಜಾ, ಹುದ್ದೆಯೇ ಇಲ್ಲವಾದರೆ ಏನು ಕೊಡಬೇಕು.

ಗ್ಲೋಬಲ್ ಆವೃತ್ತಿಯಲ್ಲಿ ಇವುಗಳ ಜಾಗಕ್ಕೆ ಅಂತರರಾಷ್ಟ್ರೀಯ ವ್ಯಾಪಾರದ ನಿಯಮಗಳು ಬರುತ್ತವೆ. 1980ರಲ್ಲಿ ವಿಯೆನ್ನಾದಲ್ಲಿ ಅಂಗೀಕಾರವಾಗಿ 1988ರ ಜನವರಿಯಿಂದ ಜಾರಿಯಲ್ಲಿರುವ ಸರಕು ಮಾರಾಟದ ವಿಶ್ವಸಂಸ್ಥೆ ಒಡಂಬಡಿಕೆ, ಸರಕು ಹಡಗೇರಿದ ಮೇಲೆ ನಷ್ಟ ಯಾರದ್ದು ಎಂದು ಹೇಳುವ ಇನ್‌ಕೋಟರ್ಮ್ಸ್, ಅಂತರರಾಷ್ಟ್ರೀಯ ಮಧ್ಯಸ್ಥಿಕೆಯ ಮಾದರಿ ಕಾನೂನು, ದೇಶದಿಂದ ದೇಶಕ್ಕೆ ಹಣ ಪಾವತಿಯ ನಿಯಮ. ರಫ್ತು ಮಾಡುವ ಕಂಪನಿಯಲ್ಲಿ ಕೆಲಸ ಮಾಡುವವರಿಗೆ ಇವು ದಿನಬಳಕೆಯ ವಿಷಯ.

‘ನಾವು ಭಾರತೀಯರು, ನಮಗೆ ಇಂಗ್ಲೆಂಡಿನ ಕಾನೂನು ಏಕೆ, ಗ್ಲೋಬಲ್ ಸಾಕು’ ಎಂಬ ಮಾತು ಎಲ್ಲ ಕಡೆ ಕೇಳುತ್ತದೆ. ನನಗೆ ಇದು ಅಷ್ಟು ಸರಿ ಕಾಣುವುದಿಲ್ಲ. ಆ ವಿಯೆನ್ನಾ ಒಡಂಬಡಿಕೆಗೆ ಭಾರತ ಸೇರಿಲ್ಲ, ಬ್ರಿಟನ್ನೂ ಸೇರಿಲ್ಲ. ನಮ್ಮಲ್ಲಿ ಈಗಲೂ ನಡೆಯುವ 1872ರ ಒಪ್ಪಂದ ಕಾಯ್ದೆ ಇಂಗ್ಲಿಷ್ ಕಾಮನ್ ಲಾದ ಬುಡದಿಂದಲೇ ಬೆಳೆದದ್ದು. ಬಿ.ಕಾಂ.ನಲ್ಲಿ ವ್ಯವಹಾರ ಕಾನೂನು ಓದಿದವರಿಗೆ ಕಾರ್ಲಿಲ್ ಪ್ರಕರಣ ಹೊಸದಲ್ಲ. ಕಂಪನಿ ಬೇರೆ, ಅದರ ಒಡೆಯ ಬೇರೆ ಎಂದ 1897ರ ಸಾಲೊಮನ್ ತೀರ್ಪೂ ಹೊಸದಲ್ಲ. ಅಂದರೆ ಹೆಸರು ನೋಡಿದರೆ ಪರದೇಶದ್ದು ಎನಿಸುವ ಇಂಗ್ಲೆಂಡ್ ಆವೃತ್ತಿಯೇ ನಮ್ಮ ಹುಡುಗ ಹುಡುಗಿಯರಿಗೆ ಪಾಠದ ಮಟ್ಟದಲ್ಲಿ ಹೆಚ್ಚು ಪರಿಚಿತ. ಅದರಲ್ಲಿ ಭಾರವೆನಿಸುವುದು ಉದ್ಯೋಗ ಕಾನೂನಿನ ಭಾಗ ಮಾತ್ರ. ಬ್ರಿಟನ್ನಿಗೆ ಹೋಗುವ ಯೋಚನೆ ಹತ್ತರಲ್ಲಿ ಒಂದು ಪಾಲಿದ್ದರೂ ಇಂಗ್ಲೆಂಡ್ ಆವೃತ್ತಿ ಕಟ್ಟಿ ಎಂದೇ ನಾನು ಹೇಳುತ್ತೇನೆ. ಆ ಯೋಚನೆ ಖಂಡಿತ ಇಲ್ಲದವರು, ಗಲ್ಫ್‌ನಲ್ಲೋ ರಫ್ತಿನ ವ್ಯವಹಾರದಲ್ಲೋ ಇರುವವರು ಗ್ಲೋಬಲ್ ಬರೆಯಲಿ. ಅವರಿಗೆ ಅದು ಉಪಯೋಗದ ಓದು.

ತೆರಿಗೆ: ಆಯ್ಕೆ ಕಡಿಮೆ, ಓದು ಜಾಸ್ತಿ

ತೆರಿಗೆಗೆ ‘ಗ್ಲೋಬಲ್’ ಆವೃತ್ತಿ ಇರಲು ಸಾಧ್ಯವೇ ಇಲ್ಲ. ತೆರಿಗೆ ಯಾವಾಗಲೂ ಒಂದು ದೇಶದ್ದು. ಭಾರತದ ಆವೃತ್ತಿ ಇಲ್ಲದ ಕಾರಣ ಇಲ್ಲಿನವರು ಬಹುತೇಕ ಎಲ್ಲರೂ ಯು.ಕೆ. ತೆರಿಗೆಯನ್ನೇ ಬರೆಯುತ್ತಾರೆ. ದುಬೈ, ಅಬುಧಾಬಿಯಲ್ಲಿರುವ ಮಂಗಳೂರು, ಉಡುಪಿ ಕಡೆಯವರಿಗೂ ಅದೇ ಗತಿ. ಯುಎಇಯಲ್ಲಿ 2018ರಿಂದ ಶೇ 5ರ ವ್ಯಾಟ್, 2023ರ ಜೂನ್‌ನಿಂದ ಶೇ 9ರ ಕಂಪನಿ ತೆರಿಗೆ ಬಂದಿದ್ದರೂ ಅಲ್ಲಿನದೇ ಆದ ಪೇಪರ್ ಇಲ್ಲ.

ಹಾಗಾದರೆ ನಮ್ಮದಲ್ಲದ ದೇಶದ ತೆರಿಗೆ ಕಲಿತು ಏನು ಪ್ರಯೋಜನ ಎಂದು ಕೇಳುವವರಿಗೆ ಒಂದು ಲೆಕ್ಕ ತೋರಿಸುತ್ತೇನೆ. ಯು.ಕೆ.ಯಲ್ಲಿ ಒಬ್ಬರ ಸಂಬಳ ವರ್ಷಕ್ಕೆ 1,10,000 ಪೌಂಡ್ ಎನ್ನಿ. ಎಲ್ಲರಿಗೂ ತೆರಿಗೆಯಿಲ್ಲದ ಮೊತ್ತ 12,570 ಪೌಂಡ್. ಆದರೆ ಆದಾಯ 1,00,000 ದಾಟಿದರೆ, ದಾಟಿದ ಪ್ರತಿ ಎರಡು ಪೌಂಡಿಗೆ ಈ ರಿಯಾಯಿತಿ ಒಂದು ಪೌಂಡ್ ಕರಗುತ್ತದೆ. ಇವರು 10,000 ದಾಟಿದ್ದಾರೆ. 5,000 ಕರಗಿ 7,570 ಉಳಿಯಿತು. ತೆರಿಗೆ ಬೀಳುವುದು 1,02,430ರ ಮೇಲೆ. ಮೊದಲ 37,700ಕ್ಕೆ ಶೇ 20ರಂತೆ 7,540, ಉಳಿದ 64,730ಕ್ಕೆ ಶೇ 40ರಂತೆ 25,892. ಒಟ್ಟು 33,432 ಪೌಂಡ್. ಇಲ್ಲಿ ಗಮನಿಸಬೇಕಾದದ್ದು ಆ ಕೊನೆಯ 10,000. ಅದರ ಮೇಲೆ ಶೇ 40ರಂತೆ 4,000 ಹೋಯಿತು, ಕರಗಿದ 5,000 ರಿಯಾಯಿತಿಯ ಮೇಲೂ 2,000 ಹೋಯಿತು. ಎಲ್ಲಿಯೂ ಬರೆದಿರದ ಶೇ 60ರ ದರ ಅಲ್ಲಿ ಅಡಗಿದೆ. ಪರೀಕ್ಷೆಯಲ್ಲಿ ದರಗಳ ಪಟ್ಟಿಯನ್ನು ಅವರೇ ಕೊಡುತ್ತಾರೆ, ಬಾಯಿಪಾಠ ಬೇಕಿಲ್ಲ. ಹೀಗೆ ಪದರ ಬಿಡಿಸಿ ನೋಡುವ ಅಭ್ಯಾಸವನ್ನು ಪರೀಕ್ಷಿಸುತ್ತಾರೆ. ನಮ್ಮ ಆದಾಯ ತೆರಿಗೆಯ ಸರ್ಚಾರ್ಜ್, ಮಾರ್ಜಿನಲ್ ರಿಲೀಫ್ ಕೂಡ ಇದೇ ಬಗೆಯ ಬುದ್ಧಿ ಬೇಡುತ್ತವೆ.

ಬೆಂಗಳೂರಿಗೆ ಇದಕ್ಕಿಂತ ನೇರವಾದ ಸಂಬಂಧವೂ ಇದೆ. ದೊಡ್ಡ ಲೆಕ್ಕಪತ್ರ ಸಂಸ್ಥೆಗಳ ಜಾಗತಿಕ ಕಚೇರಿಗಳು ಹೊರವರ್ತುಲ ರಸ್ತೆಯುದ್ದಕ್ಕೂ ಇವೆ. ಅಲ್ಲಿ ಬ್ರಿಟನ್ನಿನ ಗ್ರಾಹಕರ ತೆರಿಗೆ ರಿಟರ್ನ್ ತಯಾರಿಸುವ ತಂಡಗಳಿವೆ. ಅಲ್ಲಿಗೆ ಸಂದರ್ಶನಕ್ಕೆ ಹೋಗುವವರಿಗೆ ಯು.ಕೆ. ಟಿಎಕ್ಸ್ ಪರದೇಶದ ಪಾಠವಲ್ಲ, ಮೊದಲ ದಿನದ ಕೆಲಸ.

ಒಂದು ಅಧ್ಯಾಯ ಮಾತ್ರ ನಮ್ಮವರಿಗೆ ಪೂರ್ತಿ ಹೊಸದು. ಅದು ವಾರಸುದಾರಿಕೆ ತೆರಿಗೆ. ಭಾರತದಲ್ಲಿ ಎಸ್ಟೇಟ್ ಡ್ಯೂಟಿ 1985ರಲ್ಲೇ ರದ್ದಾಯಿತು, ಹಾಗಾಗಿ ಸತ್ತವರ ಆಸ್ತಿಗೆ ತೆರಿಗೆ ಎಂಬುದನ್ನು ಮನೆಯಲ್ಲೂ ಕೇಳಿರುವುದಿಲ್ಲ, ಕಾಲೇಜಿನಲ್ಲೂ ಕೇಳಿರುವುದಿಲ್ಲ. ಯು.ಕೆ.ಯಲ್ಲಿ 3,25,000 ಪೌಂಡ್ ಮೀರಿದ ಆಸ್ತಿಗೆ ಸಾಮಾನ್ಯವಾಗಿ ಶೇ 40. ಬದುಕಿದ್ದಾಗ ಮಕ್ಕಳಿಗೆ ಕೊಟ್ಟ ಉಡುಗೊರೆಯೂ, ಕೊಟ್ಟವರು ಏಳು ವರ್ಷ ಬದುಕದಿದ್ದರೆ, ಲೆಕ್ಕಕ್ಕೆ ಬರುತ್ತದೆ. ಈ ಅಧ್ಯಾಯಕ್ಕೆ ಬೇರೆಯವುಗಳ ಎರಡರಷ್ಟು ಸಮಯ ಇಟ್ಟುಕೊಳ್ಳಿ.

ಇನ್ನು ಪುಸ್ತಕ. ತೆರಿಗೆ ಪೇಪರ್ ವರ್ಷ ವರ್ಷ ಬದಲಾಗುತ್ತದೆ. ಜೂನ್‌ನಿಂದ ಮುಂದಿನ ಮಾರ್ಚ್‌ವರೆಗಿನ ಪರೀಕ್ಷೆಗಳಿಗೆ ಒಂದು ನಿರ್ದಿಷ್ಟ ಹಣಕಾಸು ಕಾಯ್ದೆ ಅನ್ವಯ. ಮುಂದಿನ ಜೂನ್‌ಗೆ ಮತ್ತೊಂದು. ಯು.ಕೆ.ಯ ತೆರಿಗೆ ವರ್ಷ ಏಪ್ರಿಲ್ 6ಕ್ಕೆ ಶುರುವಾಗಿ ಏಪ್ರಿಲ್ 5ಕ್ಕೆ ಮುಗಿಯುತ್ತದೆ ಎಂಬುದೂ ನೆನಪಿರಲಿ. ಅವೆನ್ಯೂ ರಸ್ತೆಯಲ್ಲಿ ಅರ್ಧ ಬೆಲೆಗೆ ಸಿಗುವ ಹಳೆಯ ಪುಸ್ತಕ ವೆಚ್ಚದ ಲೆಕ್ಕದ ಪೇಪರಿಗೆ ನಡೆದೀತು, ತೆರಿಗೆಗೆ ನಡೆಯುವುದಿಲ್ಲ. ಮುಖಪುಟದಲ್ಲಿ ಯಾವ ಕಾಯ್ದೆ, ಯಾವ ಸೆಷನ್‌ಗಳು ಎಂದು ಬರೆದಿರುತ್ತದೆ. ಅದನ್ನು ನೋಡಿಯೇ ದುಡ್ಡು ಕೊಡಿ. ಮಾರ್ಚ್‌ನಲ್ಲಿ ಫೇಲಾಗಿ ಜೂನ್‌ನಲ್ಲಿ ಮತ್ತೆ ಕಟ್ಟುವವರು ಈ ಗಡಿ ದಾಟುತ್ತಾರೆ, ಓದಿದ ಅಂಕಿಗಳನ್ನು ಮತ್ತೆ ತಿದ್ದಿಕೊಳ್ಳಬೇಕಾಗುತ್ತದೆ. ಆದ್ದರಿಂದ ಟಿಎಕ್ಸ್‌ನ ಮೊದಲ ಪ್ರಯತ್ನವನ್ನು ಜೂನ್ ಅಥವಾ ಸೆಪ್ಟೆಂಬರ್‌ನಲ್ಲಿ ಮಾಡುವುದು ಜಾಣತನ.

ಎಟಿಎಕ್ಸ್ ಐಚ್ಛಿಕ ಪೇಪರ್. ಅದನ್ನು ಆರಿಸುವವರು ಟಿಎಕ್ಸ್ ಬರೆದ ದೇಶದ್ದನ್ನೇ ಮುಂದುವರಿಸಲಿ. ಒಂದು ದೇಶದ ಅಡಿಪಾಯದ ಮೇಲೆ ಇನ್ನೊಂದು ದೇಶದ ಮಹಡಿ ಏಳುವುದಿಲ್ಲ.

ವರದಿ ಮತ್ತು ಆಡಿಟ್

ಎಸ್‌ಬಿಆರ್‌ನಲ್ಲಿ ಅಂತರರಾಷ್ಟ್ರೀಯ ಆವೃತ್ತಿ, ಯು.ಕೆ. ಆವೃತ್ತಿ ಎಂದು ಮುಖ್ಯವಾಗಿ ಎರಡು. ಎರಡರ ಬಹುಪಾಲೂ ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡ, ಅಂದರೆ ಐಎಫ್‌ಆರ್‌ಎಸ್. ಯು.ಕೆ. ಆವೃತ್ತಿಯಲ್ಲಿ ಒಂದು ಸಣ್ಣ ಪಾಲು ಅಂಕ ಅಲ್ಲಿನ ಎಫ್‌ಆರ್‌ಎಸ್ 102 ಮತ್ತು ಐಎಫ್‌ಆರ್‌ಎಸ್ ನಡುವಿನ ವ್ಯತ್ಯಾಸಕ್ಕೆ ಮೀಸಲು. ಉದಾಹರಣೆಗೆ, ಒಂದು ಕಂಪನಿ ಇನ್ನೊಂದನ್ನು ಕೊಂಡಾಗ ಹುಟ್ಟುವ ಗುಡ್‌ವಿಲ್. ಐಎಫ್‌ಆರ್‌ಎಸ್‌ನಲ್ಲಿ ಅದನ್ನು ವರ್ಷ ವರ್ಷ ಕಳೆಯುವಂತಿಲ್ಲ. ಪ್ರತಿ ವರ್ಷ ಅದರ ಬೆಲೆ ಕುಸಿದಿದೆಯೇ ಎಂದು ಪರೀಕ್ಷಿಸಬೇಕು. ಎಫ್‌ಆರ್‌ಎಸ್ 102ರಲ್ಲಿ ಅದನ್ನು ಅದರ ಬಾಳಿಕೆಯ ಮೇಲೆ ಹಂಚಿ ಕಳೆಯಬೇಕು. ಬಾಳಿಕೆ ನಂಬುವಂತೆ ಅಂದಾಜಿಸಲು ಆಗದಿದ್ದರೆ ಹತ್ತು ವರ್ಷ ಮೀರುವಂತಿಲ್ಲ. ಕಟ್ಟಡ ಕಟ್ಟಲು ತಂದ ಸಾಲದ ಬಡ್ಡಿಯನ್ನು ಐಎಫ್‌ಆರ್‌ಎಸ್‌ನಲ್ಲಿ ಕಟ್ಟಡದ ಬೆಲೆಗೇ ಸೇರಿಸಬೇಕು, ಎಫ್‌ಆರ್‌ಎಸ್ 102ರಲ್ಲಿ ಸೇರಿಸುವುದೂ ಬಿಡುವುದೂ ಕಂಪನಿಯ ಇಷ್ಟ.

ಭಾರತದಲ್ಲೇ ಉಳಿಯುವವರಿಗೆ ಇಲ್ಲಿ ಗೊಂದಲವೇ ಬೇಡ. ನಮ್ಮ ದೊಡ್ಡ ಕಂಪನಿಗಳು 2016ರ ಏಪ್ರಿಲ್‌ನಿಂದ ಹಂತ ಹಂತವಾಗಿ ಅಳವಡಿಸಿಕೊಂಡ ಇಂಡ್ ಎಎಸ್, ಐಎಫ್‌ಆರ್‌ಎಸ್‌ಗೆ ಹೊಂದಿಸಿ ರೂಪಿಸಿದ್ದು. ಅಂತರರಾಷ್ಟ್ರೀಯ ಎಸ್‌ಬಿಆರ್ ಚೆನ್ನಾಗಿ ಓದಿದವರಿಗೆ ಇಲ್ಲಿನ ವಾರ್ಷಿಕ ವರದಿ ತೆರೆದರೆ ಎಲ್ಲವೂ ಗುರುತಿನ ಮುಖ. ಗಲ್ಫ್‌ನಲ್ಲೂ ಐಎಫ್‌ಆರ್‌ಎಸ್ಸೇ ನಡೆಯುವುದು. ಎಎಎ ಪೇಪರಿನದೂ ಹೆಚ್ಚು ಕಡಿಮೆ ಇದೇ ವಿಂಗಡಣೆ. ಅಂತರರಾಷ್ಟ್ರೀಯ ಆವೃತ್ತಿ ಜಾಗತಿಕ ಆಡಿಟ್ ಮಾನದಂಡಗಳನ್ನು ಹಿಡಿದರೆ, ಯು.ಕೆ. ಆವೃತ್ತಿ ಅಲ್ಲಿನ ನಿಯಂತ್ರಕ ಫೈನಾನ್ಷಿಯಲ್ ರಿಪೋರ್ಟಿಂಗ್ ಕೌನ್ಸಿಲ್ ತಿದ್ದಿದ ರೂಪವನ್ನೂ ಅದರ ನೀತಿ ನಿಯಮವನ್ನೂ ಹಿಡಿಯುತ್ತದೆ.

ಸಹಿ ಹಾಕುವ ಹಕ್ಕು

ಎಸಿಸಿಎ ಸದಸ್ಯರೆಲ್ಲರೂ ಯು.ಕೆ.ಯಲ್ಲಿ ಆಡಿಟ್ ವರದಿಗೆ ಸಹಿ ಹಾಕಬಹುದು ಎಂದು ಹಲವರು ನಂಬಿದ್ದಾರೆ. ಹಾಗಿಲ್ಲ. ಅಲ್ಲಿ ಶಾಸನಬದ್ಧ ಆಡಿಟರ್ ಆಗಲು ಪ್ರತ್ಯೇಕ ಆಡಿಟ್ ಅರ್ಹತೆ ಬೇಕು. ಅದಕ್ಕೆ ಎಎಎ ಪೇಪರನ್ನು ಐಚ್ಛಿಕವೆಂದು ಬಿಡುವಂತಿಲ್ಲ, ಪಾಸಾಗಲೇಬೇಕು. ಕಾನೂನು, ತೆರಿಗೆ, ಎಸ್‌ಬಿಆರ್, ಎಎಎಗಳಲ್ಲಿ ಯು.ಕೆ. ಅಥವಾ ಐರ್ಲೆಂಡಿನ ಆವೃತ್ತಿಗಳಿಗೆ ಬೆಲೆ ಬರುವುದು ಇಲ್ಲಿಯೇ. ಆಡಿಟ್ ಕೆಲಸದ ಅನುಭವದ ಷರತ್ತೂ ಬೇರೆಯೇ ಇದೆ. ಬರೀ ನೌಕರಿ ಮಾಡುವವರಿಗೆ, ಅಂದರೆ ಕಂಪನಿಯ ಹಣಕಾಸು ವಿಭಾಗದಲ್ಲೋ ಸಲಹಾ ಸಂಸ್ಥೆಯಲ್ಲೋ ಇರುವವರಿಗೆ, ಇದ್ಯಾವುದೂ ಬೇಕಿಲ್ಲ.

ಇಲ್ಲಿ ಸುಳಿವಿಲ್ಲದೆ ಕಾಲು ಜಾರುವ ಜಾಗವೊಂದಿದೆ: ವಿನಾಯಿತಿ, ಎಲ್ಲರ ಬಾಯಲ್ಲಿ ಎಕ್ಸೆಂಪ್ಷನ್. ಬಿ.ಕಾಂ. ಮಾಡಿದವರಿಗೆ ಕೆಲವು ಪೇಪರುಗಳಿಂದ ವಿನಾಯಿತಿ ಸಿಗುತ್ತದೆ, ಭಾರತದ ಸಿಎ ಮುಗಿಸಿದವರಿಗೆ ಮೊದಲ ಎರಡು ಹಂತದ 9 ಪೇಪರುಗಳೂ ಮಾಫಿ. ವಿನಾಯಿತಿ ಪಡೆದ ಪೇಪರಿಗೆ ಆವೃತ್ತಿಯೇ ಇರುವುದಿಲ್ಲ. ಭಾರತದ ಪದವಿಯ ಬಲದಿಂದ ಕಾನೂನು ಪೇಪರ್ ಮಾಫಿಯಾದವರು ಇಂಗ್ಲೆಂಡಿನ ಕಾನೂನು ಓದಿದ್ದಾರೆ ಎಂದು ಯಾರೂ ಒಪ್ಪುವುದಿಲ್ಲ. ಬ್ರಿಟನ್ನಿನಲ್ಲಿ ಸ್ವಂತ ಕಚೇರಿ ತೆರೆಯುವ, ಆಡಿಟ್ ಮಾಡುವ ಗುರಿಯಿದ್ದರೆ ಆ ಪೇಪರುಗಳನ್ನು ಮುಂದೆ ಬರೆಯಬೇಕಾಗಿ ಬರಬಹುದು. ಅಂಥವರು ಪರೀಕ್ಷೆಗಿಂತ ಮೊದಲೇ ಎಸಿಸಿಎಗೆ ಪತ್ರ ಬರೆದು, ‘ನನಗೆ ಯು.ಕೆ. ಪ್ರಾಕ್ಟೀಸ್ ಹಕ್ಕು ಬೇಕು, ಯಾವ ವಿನಾಯಿತಿ ಬಿಟ್ಟುಕೊಡಬೇಕು’ ಎಂದು ಲಿಖಿತ ಉತ್ತರ ಪಡೆಯಲಿ. ಕೋಚಿಂಗ್ ಸೆಂಟರಿನ ಬಾಯಿಮಾತಿನ ಮೇಲೆ ಇಂಥ ತೀರ್ಮಾನ ನಿಲ್ಲಿಸಬಾರದು.

ಭಾರತದ ವಿಷಯದಲ್ಲಿ ನೇರ ಮಾತು ಹೇಳಿಬಿಡುವುದು ಒಳ್ಳೆಯದು. ಯಾವ ಆವೃತ್ತಿ ಬರೆದರೂ ಎಸಿಸಿಎ ಸದಸ್ಯರು ಇಲ್ಲಿ ಕಂಪನಿಯ ಆಡಿಟ್ ವರದಿಗೆ ಸಹಿ ಹಾಕುವಂತಿಲ್ಲ. 2013ರ ಕಂಪನಿ ಕಾಯ್ದೆಯ 141ನೇ ಕಲಂ ಆ ಹಕ್ಕನ್ನು ಚಾರ್ಟರ್ಡ್ ಅಕೌಂಟೆಂಟ್‌ಗೆ ಕೊಟ್ಟಿದೆ. ಅಂದರೆ 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯಡಿ ಭಾರತದ ಸಿಎಗಳ ಸಂಸ್ಥೆಯಾದ ಐಸಿಎಐ ಸದಸ್ಯರಾದವರಿಗೆ. ಮಕ್ಕಳನ್ನು ಬಿ.ಕಾಂ. ಜೊತೆಗೆ ಎಸಿಸಿಎ ಕೋರ್ಸಿಗೆ ಸೇರಿಸುವ ಅಪ್ಪ ಅಮ್ಮಂದಿರಿಗೆ ಈ ಒಂದು ವಾಕ್ಯ ಶುಲ್ಕ ಕಟ್ಟುವ ಮೊದಲೇ ಗೊತ್ತಿರಬೇಕು. ಊರಲ್ಲಿ ಬೋರ್ಡು ಹಾಕಿ ಆಡಿಟ್ ಮಾಡುವ ಕನಸಿದ್ದರೆ ದಾರಿ ಸಿಎ. ಬೆಂಗಳೂರಿನ ಜಾಗತಿಕ ಕಚೇರಿ, ಗಲ್ಫ್, ಬ್ರಿಟನ್ ಕಡೆ ಕಣ್ಣಿದ್ದರೆ ಎಸಿಸಿಎ ಒಳ್ಳೆಯ ದಾರಿ.

ಮಲೇಷ್ಯಾ, ಸಿಂಗಪುರ, ಐರ್ಲೆಂಡಿಗೆ ಈಗಾಗಲೇ ಹೋಗಿ ನೆಲೆಸಿರುವವರು, ಅಲ್ಲೇ ತೆರಿಗೆ ಕೆಲಸ ಮಾಡುವವರು ಆಯಾ ದೇಶದ ಪೇಪರನ್ನೇ ಬರೆಯಲಿ. ಭಾರತದಲ್ಲಿ ಕುಳಿತು ಅವನ್ನು ಆರಿಸುವುದು ಕಷ್ಟದ ಕೆಲಸ. ಪಾಠ ಹೇಳುವವರು ಸಿಗುವುದಿಲ್ಲ, ಪುಸ್ತಕ ಸಿಗುವುದು ಕಡಿಮೆ, ಮತ್ತು ಕೆಲವು ಆವೃತ್ತಿಗಳು ವರ್ಷಕ್ಕೆ ಎರಡೇ ಬಾರಿ, ಜೂನ್ ಮತ್ತು ಡಿಸೆಂಬರ್‌ನಲ್ಲಿ ಬರುತ್ತವೆ. ಯು.ಕೆ. ತೆರಿಗೆಯಾದರೆ ಮಾರ್ಚ್, ಜೂನ್, ಸೆಪ್ಟೆಂಬರ್, ಡಿಸೆಂಬರ್ ನಾಲ್ಕೂ ಸೆಷನ್ನಿನಲ್ಲಿ ಇರುತ್ತದೆ.

ಆವೃತ್ತಿಗಳನ್ನು ಬೆರೆಸಬಹುದೇ ಎಂಬುದು ಮತ್ತೊಂದು ಸಾಮಾನ್ಯ ಪ್ರಶ್ನೆ. ಬೆರೆಸಬಹುದು. ಗ್ಲೋಬಲ್ ಕಾನೂನು, ಯು.ಕೆ. ತೆರಿಗೆ, ಅಂತರರಾಷ್ಟ್ರೀಯ ಎಸ್‌ಬಿಆರ್ ಎಂಬ ಜೋಡಣೆ ನಮ್ಮಲ್ಲಿ ತೀರ ಮಾಮೂಲು. ಆವೃತ್ತಿಯನ್ನು ಆರಿಸುವುದು ಒಮ್ಮೆಗೇ ಅಲ್ಲ, ಒಂದೊಂದು ಪೇಪರ್ ಕಟ್ಟುವಾಗಲೂ. ಹಣ ಕಟ್ಟುವ ಮುಂಚೆ ಪರದೆಯ ಮೇಲಿನ ಸಂಕೇತವನ್ನು, ನೀವು ಓದುತ್ತಿರುವ ಪುಸ್ತಕದ ಮುಖಪುಟವನ್ನು ಪಕ್ಕಪಕ್ಕ ಇಟ್ಟು ನೋಡಿ. ಇಂಗ್ಲೆಂಡ್ ಪುಸ್ತಕ ಓದಿ ಗ್ಲೋಬಲ್ ಪರೀಕ್ಷೆಗೆ ಕುಳಿತರೆ ಇನ್‌ಕೋಟರ್ಮ್ಸ್ ಪ್ರಶ್ನೆಗಳ ಮುಂದೆ ಬೆವರಬೇಕಾಗುತ್ತದೆ.

2027ರಿಂದ ಎಸಿಸಿಎ ತನ್ನ ಇಡೀ ಪಠ್ಯಕ್ರಮವನ್ನು ಹೊಸದಾಗಿ ಜೋಡಿಸುತ್ತಿದೆ. ಈಗ ಶುರು ಮಾಡುತ್ತಿರುವವರ ಕೊನೆಯ ಪೇಪರುಗಳು ಆ ಹೊಸ ವ್ಯವಸ್ಥೆಯೊಳಗೆ ಬೀಳಬಹುದು. ಕಾನೂನು ಮತ್ತು ತೆರಿಗೆಯನ್ನು ಮುಂದೂಡುತ್ತಾ ಬಂದವರು ಹಳೆಯ ಪೇಪರಿನ ಅಂಕ ಹೊಸದರಲ್ಲಿ ಹೇಗೆ ಜಮಾ ಆಗುತ್ತದೆ ಎಂಬ ಪಟ್ಟಿಯನ್ನು ಸಂಸ್ಥೆಯಿಂದಲೇ ತರಿಸಿಕೊಂಡು, ಆಮೇಲೆ ಮುಂದಿನ ಸೆಷನ್ನಿಗೆ ಕಟ್ಟುವುದು ಒಳ್ಳೆಯದು.